ಎಲಿ ಸಾಹೇಬ್ರ ಕಾರಿನ್ಯಾಗ ಬೆಳದದ್ದು

ಊಟ ಮಾಡ್ಕೋತ ಇದನ್ನ ಓದಾಕತ್ತಿದ್ರ ತಾಟು ಬಾಜೂಕ ಇಡ್ರಿ. ಆಮ್ಯಾಲ ನನ್ನ ಬೈಬ್ಯಾಡ್ರಿ.

ನಂದು ಹಾನಗಲ್ಲದಾಗ ಒಂದು ಸಣ್ಣ ಲ್ಯಾಬು ಐತಿ. ರಕ್ತ, ಮೂತ್ರ, ಕಫ, ಇವ ನನ್ನ ಹೊಟ್ಟಿಪಾಡು. ಮಳಿಗಾಲಕ್ಕ ಮುಂಚೆ ನನಗೊಂದು ಹುಚ್ಚು ಹಿಡೀತು. ನಮ್ಮ ಯಜಮಾನ್ರು ಸ್ಟೇರಿಂಗ್ ಹಿಡಿದ ಕೈಲೇ ಗಿರಮಿಟ್ ತಿಂದ್ರು, ಬೆರಳೂ ನೆಕ್ಕಿದ್ರು. ನಾ ಬೈದ್ರ, "ಏನಾಗತೈತಿ, ಸ್ವಂತ ಕಾರಲ್ಲೇನು" ಅಂದ್ರು. ತಡೀರಿ, ನಿಮ್ಮ ಸ್ವಂತ ಕಾರಿನ್ಯಾಗ ಯಾರ್ಯಾರು ಬಾಡಿಗಿ ಅದಾರ ತೋರಸ್ತೇನಿ ಅಂತ ಸುರು ಮಾಡಿದ್ದು ಈ ಕೆಲಸ.

ಕೆಲಸ ಸರಳ ಐತಿ. ಹತ್ತಿ ಸುತ್ತಿದ ಕಡ್ಡಿ, ನಾವು ಸ್ವಾಬ್ ಅಂತೇವಿ, ಅದನ್ನ ಸಲೈನಿನ್ಯಾಗ ಅದ್ದೂದು, ಸ್ಟೇರಿಂಗ್ ಮ್ಯಾಲ ಹೊರಳಿಸಿ ಹೊರಳಿಸಿ ತಿಕ್ಕೂದು, ಅದನ್ನ ಪ್ಲೇಟಿನ ಮ್ಯಾಲ ಗೀರೂದು. ಪ್ಲೇಟು ಅಂದ್ರ ಊಟದ್ದಲ್ಲ. ಅಂಗೈ ಅಗಲದ ಮುಚ್ಚಳದ ಡಬ್ಬಿ, ತಳದಾಗ ಅಗರ್ ಅಂತ ಜೆಲ್ಲಿಯಂಥಾದ್ದು ಇರತೈತಿ. ಅದು ಈ ಜೀವಗಳಿಗೆ ಊಟ. ಬ್ಯಾಕ್ಟೀರಿಯಾಕ್ಕ ಒಂದು ನಮೂನಿ, ಬೂಸ್ಟಿಗೆ, ಅಂದ್ರ ಫಂಗಸ್ಸಿಗೆ, ಇನ್ನೊಂದು ನಮೂನಿ. ಬ್ಯಾಕ್ಟೀರಿಯಾದ ಪ್ಲೇಟು ಮೈ ಕಾವಿನಷ್ಟು ಬೆಚ್ಚಗಿರೋ ಪೆಟ್ಟಿಗ್ಯಾಗ ಇಟ್ರ ಮರುದಿನ ಚುಕ್ಕಿ ಏಳತಾವ. ಬೂಸ್ಟಿನ ಪ್ಲೇಟು ಹೊರಗ ಕಪಾಟಿನ್ಯಾಗ ಇದ್ರೂ ನಡೀತೈತಿ. ಅದಕ್ಕ ಅವಸರ ಇಲ್ಲ, ಸಾವಕಾಶ ಬರತೈತಿ.

ಮೊದ್ಲು ನಮ್ಮ ಕಾರು, ಆಮ್ಯಾಲ ಶಿಗ್ಗಾಂವಿಂದ ಹುಬ್ಬಳ್ಳಿಗೆ ಓಡೋ ಒಂದು ಬಾಡಿಗಿ ಕಾರು, ಆಮ್ಯಾಲ ಹಿರೇಕೆರೂರಿನ ಒಬ್ಬ ರಿಟೈರ್ಡ್ ಮಾಸ್ತರರ ಕಾರು. ಈ ಮಾಸ್ತರು ಕಾರು ತೊಗೊಂಡು ಷೆಡ್ಡಿನ್ಯಾಗ ನಿಲ್ಲಿಸಿ, ದಿನಾ ಹೊರಗಿಂದ ಒರಿಸಿ, ತಾವು ಬಸ್ಸಿಗೆ ಅಡ್ಡಾಡ್ತಾರ. ಬಾಡಿಗಿ ಕಾರಿನ ಸ್ಟೇರಿಂಗಿನ ಪ್ಲೇಟು ನೋಡಿದ್ರ ಸಂತಿ ಕೂಡಿದಂಗ. ಬಿಳಿ ಚುಕ್ಕಿ, ಕೆನಿ ಬಣ್ಣದ ಚುಕ್ಕಿ, ಎಲ್ಲಾ ನಮ್ಮ ಚರ್ಮದ ಮ್ಯಾಲಿನ ಮಂದಿನ. ಮಾಸ್ತರರ ಸ್ಟೇರಿಂಗಿನ್ಯಾಗ ಅಂಥಾದ್ದೇನೂ ಏಳಲೇ ಇಲ್ಲ ಅನ್ರಿ. ಕೈ ಮುಟ್ಟದ ಕಡೆ ಕೈಯಿನ ಜೀವ ಭಾಳ ದಿನ ಉಳಿಯೂದಿಲ್ಲ, ಒಣಗಿ ಸಾಯತಾವ. ಈ ಮಾತು ನೆನಪಿಟ್ಕೋರಿ, ಮುಂದ ಬೇಕಾಗತೈತಿ.

ಇದನ್ನೆಲ್ಲಾ ಫೋಟೋ ಹಾಕಿ ಬರದೆ. ಮಂದಿ ನಕ್ಕರು, ಬೈದರು, "ನಿಮ್ಮ ಮನಿಗೆ ಚಾ ಕುಡ್ಯಾಕ ಬರೂದಿಲ್ರಿ" ಅಂದರು. ಆವಾಗ ಸವಣೂರಿಂದ ಒಂದು ಮೆಸೇಜು ಬಂತು. "ಅಕ್ಕಾರ, ನಮ್ಮ ಅಬ್ಬಾನ ಕಾರು ಒಂದೀಟು ನೋಡ್ತೀರೇನು? ಫೋನಿನ್ಯಾಗ ಹೇಳಾಕ ಬರಂಗಿಲ್ಲ."

ಮರುದಿನ ಮೆಸೇಜು ಕಳಿಸಿದಾಂವ ತಾನ ಬಂದ. ದಪ್ಪ ಆಳು, ಮಾತು ಮಾತ್ರ ಮೆತ್ತಗ. ಅವರ ಅಪ್ಪ ವೀಳ್ಯದೆಲಿ ವ್ಯಾಪಾರಿ, ಊರಾಗೆಲ್ಲಾ ಎಲಿ ಸಾಹೇಬ್ರು ಅಂತ ಕರೀತಿದ್ರು. ಮಳಿಗಾಲ ಹಿಡಿಯೋ ಹೊತ್ತಿಗೆ ಒಂದಿನ ಎಲಿ ತೊಗೊಂಡು ಬಂದು, ಕಾರು ಅಂಗಳದಾಗ ನಿಲ್ಲಿಸಿ, ಒಳಗ ಹೋಗಿ ನೀರು ಕೇಳಿದ್ರು. ನೀರು ತರೂದ್ರಾಗ ಹೋಗಿಬಿಟ್ಟಿದ್ರು.

"ಕಾರು ಅವತ್ತಿಂದ ಹಂಗ ನಿಂತೈತ್ರಿ. ಕೀಲಿ ನನ್ನ ಕಿಸೇದಾಗ ಐತಿ, ಎಲಿ ಪೆಂಡಿ ಇಳಿಸಿದಮ್ಯಾಲ ನಾ ತಗದಿಲ್ಲ. ಆದ್ರ ಅಕ್ಕಾರ..."

"ಹೇಳ್ರಿ ಮತ್ತ. ಕಫ ನೋಡಾಕಿ ನಾ, ನನಗೇನು ನಾಚಿಕಿ?"

"ಮುಂಜಾನಿ ನಮಾಜ್ ಮುಗಿಸಿ ಬರೋ ಹೊತ್ತಿಗೆ ಕಾರಿನ ಗ್ಲಾಸು ಮಂಜು ಹಿಡದಿರತಾವ್ರಿ. ಒಳಗಿಂದ. ಯಾರೋ ಒಳಗ ಕುಂತು ಉಸಿರು ಬಿಟ್ಟಂಗ."

ನಿಮ್ಮಾಣಿ, ಅವತ್ತು ಲ್ಯಾಬಿನ್ಯಾಗ ಫ್ಯಾನು ತಿರಗಾಕತ್ತಿತ್ತು, ಆದ್ರೂ ನಾ ಬೆವತೆ. ಆದ್ರ ಬಾಯಿ ಜೋರು ಅಲ್ಲೇನು, "ತೇವ ಇದ್ದೀತು, ನೋಡೂಣು" ಅಂದೆ.

"ಇನ್ನೊಂದೈತ್ರಿ. ನಮ್ಮ ಅಮ್ಮೀಗೆ ಕೆಮ್ಮು, ದಮ್ಮು. ಅವರ ಕಫ ನಿಮ್ಮಲ್ಲೇ ಬಂದಿತ್ತು."

ನೆನಪಾತು. ಟಿಬಿ ಐತೇನು ಅಂತ ನೋಡಾಕ ಕಳಿಸಿದ್ರು, ಇರಲಿಲ್ಲ. ಹುಬ್ಬಳ್ಳಿ ಡಾಕ್ಟರು ಎಕ್ಸರೇ ನೋಡಿ, "ಮನ್ಯಾಗ ಪಾರಿವಾಳ ಸಾಕೀರೇನು? ಎಲ್ಲೆರ ಬೂಸ್ಟು ಹಿಡದೈತೇನು?" ಅಂತ ಕೇಳಿದ್ರಂತ. ಎರಡೂ ಇಲ್ಲ ಅಂದಿದ್ರು. ದವಾಖಾನ್ಯಾಗ ಇಟ್ಕೊಂಡಾಗ ಆರಾಮಾದ್ರು, ಮನಿಗೆ ಬಂದ ಕೂಡ್ಲೇ ಮತ್ತ ಸುರು. ಹಿಂಗ ಮುಂದುವರದ್ರ ಶ್ವಾಸಕೋಶ ಗಟ್ಟಿಯಾಗಿ ಹೋಗತಾವ, ಆಮ್ಯಾಲ ಗುಳಿಗಿ ಕೇಳೂದಿಲ್ಲ ಅಂತ ಡಾಕ್ಟರು ಹೇಳಿದ್ರಂತ. ಮನಿಯಾಗ ಮಾತ್ರ ಎಲ್ಲಾರೂ ಒಂದ ಮಾತು: ಸಾಹೇಬ್ರು ಬಿಟ್ಟು ಹೋಗಿಲ್ಲ, ಆಕಿನ್ನ ಕರಿಯಾಕತ್ತಾರ.

"ಅದು ಇದು ಏನ ಇರಲಿ," ಅಂದ ಮಗ, "ಕೆಟ್ಟದ್ದೈತಿ ಅಂತ ನೀವು ಒಂದು ಮಾತು ಅಂದ್ರ ಅವತ್ತ ಗುಜರಿಗೆ ಹಾಕಿಬಿಡ್ತೇನಿ."

ಹೇಳಿದ ದಿನ ಹೋದೆ. ಬಾಗಲದಾಗ ಲೋಬಾನದ ಹೊಗಿ, ಮ್ಯಾಲ ಫಿನಾಯಿಲ್ ಗಮ್ಮ ಅನ್ನಾಕತ್ತಿತ್ತು. ಸಾಹೇಬ್ರ ಸೊಸಿ ನಗಕೋತ ಬಂದು, "ಬರ್ರಿ ಅಕ್ಕಾರ, ನೀವು ಬರ್ತೀರಂತ ಕಾರು ಒಳಗೆಲ್ಲಾ ಚೊಲೋ ಒರಿಸೀನ್ರಿ. ಸ್ಟೇರಿಂಗು, ಸೀಟು, ಬಾಗಲಾ, ಎಲ್ಲಾ. ಒಳಗ ಲೋಬಾನನೂ ಹಾಕೀನಿ" ಅಂದ್ಲು.

ನನ್ನ ಹಣೀನ ನಾ ಬಡಕೊಂಡೆ. "ಏನವಾ ತಂಗಿ, ಕಳ್ಳನ್ನ ಹಿಡಿಯಾಕ ಪೊಲೀಸರು ಬರ್ತಾರಂತ ಕಳ್ಳನ ಹೆಜ್ಜಿ ಸಾರಿಸಿ ರಂಗೋಲಿ ಹಾಕಿದಂಗ ಆತಲ್ಲ!"

"ಮತ್ತ ಮನಿಗೆ ಬರೋರ ಮುಂದ ಹೊಲಸು ಇಡಾಕ ಬರತೈತೇನ್ರಿ?" ಅಂದ್ಲು. ಅದೂ ಖರೇನ. ನಮ್ಮ ಕಡೆ ಯಾರ ಮನ್ಯಾಗ ಹೋದ್ರೂ ಹಿಂಗ ಮಾಡತಿದ್ರು. ನಾನೂ ಹಂಗ ಮಾಡತಿದ್ದೆ.

ಬಂದದ್ದಕ್ಕ ಸ್ವಾಬ್ ತೊಗೊಂಡೆ. ಸುಸಲಾ, ಮಿರ್ಚಿ, ಚಾ ಆತು. ಸಾಹೇಬ್ರ ಹೆಂಡ್ತಿ ಒಳಗಿನ ಕ್ವಾಣ್ಯಾಗ ಕುಂತಿದ್ರು. ಇದ್ದತ್ ಅಂತಾರ ಅವರಲ್ಲಿ. ಗಂಡ ತೀರಿದಮ್ಯಾಲ ನಾಕು ತಿಂಗಳ ಮ್ಯಾಲೊಂದಿಷ್ಟು ದಿನ ಹೆಣಮಗಳು ಹೊಸಲು ದಾಟಿ ಊರಾಗ ಅಡ್ಡಾಡಂಗಿಲ್ಲ, ದವಾಖಾನಿ ಅಂಥಾದ್ದಿದ್ರ ಅಷ್ಟ. ಸಣ್ಣ ಆಳು, ಮುದ್ದಿ ಮಾಡಿಟ್ಟಂಗ ಕುಂತಿದ್ರು. ನಾನು ಚಾಚಿ ಅಂದೆ, ಅವರು ಬೇಟಿ ಅಂದ್ರು. ಎರಡು ಮಾತಿಗೊಮ್ಮೆ ಕೆಮ್ಮು. "ಕಾರು ಒಯ್ಯಾಕ ಬಂದೀಯೇನು?" ಅಂತ ಕೇಳಿದ್ರು. "ಇಲ್ಲ ಚಾಚಿ, ನೋಡಾಕ ಬಂದೇನಿ" ಅಂದೆ. ಸಮಾಧಾನ ಆದಂಗ ಕಾಣಲಿಲ್ಲ.

ಆ ಸ್ವಾಬಿನ್ಯಾಗ ಏನೂ ಬರಲಿಲ್ಲ. ಸ್ಟೇರಿಂಗ್ ಪ್ಲೇಟು ಖಾಲಿ. ಸೊಸಿ ಕೈ ಅಷ್ಟು ಚೊಲೋ ಇತ್ತು. ಮಗನಿಗೆ ಫೋನ್ ಮಾಡಿ ಹೇಳಿದೆ: "ಕಾರು ಕೀಲಿ ಹಾಕಿ ಇಡ್ರಿ, ಯಾರೂ ಮುಟ್ಟಬ್ಯಾಡ್ರಿ. ನಾ ಹೇಳದ ಕೇಳದ ಬರ್ತೇನಿ. ಸುಸಲಾ ಮಾಡಿದ್ರ ಎದ್ದು ಹೋಗ್ತೇನಿ."

ನಡುವ ಮಳಿ ಜೋರಾತು. ನಮ್ಮ ಲ್ಯಾಬಿನ ಪೆಟ್ಟಿಗಿ ಕರೆಂಟ್ ಹೋಗಿ ತಣ್ಣಗಾಗಿ ರೋಗಿಗಳ ಕೆಲಸಾನ ಮತ್ತ ಮಾಡೂ ಹಂಗಾತು. ಸವಣೂರು ಹಿಂದ ಬಿತ್ತು. ಒಂದು ಮುಂಜಾನಿ, ಮೋಡ ಇನ್ನೂ ನೆಲಕ್ಕ ಹತ್ತಿದಂಗ ಇತ್ತು, ಮೊದಲನೇ ಬಸ್ಸಿಗೆ ಹೋಗಿ ಇಳದೆ.

ಮಗ ಅಂಗಳದಾಗ ನಿಂತಿದ್ದ. ಕಾರಿನ ಕಡೆ ಕೈ ಮಾಡಿದ. ಗ್ಲಾಸಿಗೆ ಒಳಗಿಂದ ಮಂಜು. ಹಿಂದಿನ ಗ್ಲಾಸು ಹೊರಗ ಬಟ್ಟಿಲೆ ಒರಿಸಿ ನೋಡಿದೆ, ಹೋಗಲಿಲ್ಲ. ಒಳಗಿಂದ ಅಂದ್ರ ಒಳಗಿಂದನ. ಡ್ರೈವರ್ ಬಾಜೂಕ ದಟ್ಟ, ಹಿಂದಕ್ಕ ಹೋದಂಗ ತಿಳಿ. ಡ್ರೈವರ್ ಬಾಜೂಕಿನ ಗ್ಲಾಸಿನ ಮ್ಯಾಲ ಹೊರಗಡೆ ಒಂದು ಅಂಗೈ ಮೂಡಿತ್ತು, ದೊಡ್ಡದು. ಅದು ಯಾರದಂತ ನಾ ಅವತ್ತು ಕೇಳಲಿಲ್ಲ.

ಮಾಸ್ಕ್ ಹಾಕ್ಕೊಂಡು ಬಾಗಲಾ ತಗದೆ. ವಾಸನಿ ಬಂತು. ಹಳೇ ಅಂಗಿ, ಹಸಿ ಮಣ್ಣು, ಕೊಳೆತ ಎಲಿ, ಎಲ್ಲಾ ಕೂಡಿ ಒಬ್ಬ ಮನಷಾ ಬಾಜೂಕ ಬಂದು ನಿಂತಂಗ. ಟಾರ್ಚ್ ಬಿಟ್ಟೆ. ಸೀಟು, ಬೆಲ್ಟು, ಬಾಗಲದ ಬಟ್ಟಿ, ಡ್ಯಾಶ್‌ಬೋರ್ಡು, ಎಲ್ಲಾದರ ಮ್ಯಾಲ ಬಿಳಿ ಬೂಸ್ಟು, ತೆಳ್ಳಗ ಅಕ್ಕಿ ಹಿಟ್ಟು ಉದುರಿಸಿದಂಗ. ಸೊಸಿ ಅಷ್ಟು ತಿಕ್ಕಿದ್ರೂ ತಿರುಗಿ ಬಂದಿತ್ತು.

ಎಲ್ಲಾದರ ಮ್ಯಾಲ ಅಂದೆ, ಸುಳ್ಳು. ಡ್ರೈವರ್ ಸೀಟಿನ ಮ್ಯಾಲ ಇರಲಿಲ್ಲ. ಅಲ್ಲಿ ಬೂಸ್ಟಿನ ನಡುವ ಕುಂತೋರ ಆಕಾರ ಬಿಟ್ಟಿತ್ತು. ಬೆನ್ನು, ಭುಜ, ಕುಂಡಿ, ಒಂದು ಮೈ ಬರದಿಟ್ಟಂಗ. ಸ್ಟೇರಿಂಗೂ ಕರ್ರಗ, ಸ್ವಚ್ಛ.

ನನ್ನ ಕೈ ಮ್ಯಾಲಿನ ಕೂದಲಾ ನಿಂತವು. ಇಪ್ಪತ್ತು ವರ್ಷದ ಮ್ಯಾಲ ಲ್ಯಾಬಿನ್ಯಾಗ ಕಳದೇನಿ, ಹೆಣದ ಸ್ಯಾಂಪಲ್ಲೂ ನೋಡೇನಿ, ಹಿಂಗ ಆಗಿರಲಿಲ್ಲ. ಮಗ ಹಿಂದಿಂದ ಮೆತ್ತಗ ಕೇಳಿದ, "ಅಬ್ಬಾ ಏನ್ರಿ?"

ಕೆಲಸ ಸುರು ಮಾಡಿದೆ. ಇಂಥಾ ಹೊತ್ತಿನ್ಯಾಗ ಕೆಲಸದ ಕ್ರಮ ಬಿಡಬಾರದು, ಅದ ನಮ್ಮನ್ನ ಹಿಡಕೊಂಡಿರತೈತಿ. ಸ್ಟೇರಿಂಗಿಗೆ ಒಂದು ಸ್ವಾಬು, ಗೇರಿಗೆ, ಬೆಲ್ಟಿಗೆ, ಹಿಂದಿನ ಸೀಟಿಗೆ, ಎಸಿ ಜಾಳಿಗಿಗೆ ಒಂದೊಂದು. ಹಿಂದಿನ ಸೀಟಿನ ಕೆಳಗ ಕೈ ಹಾಕಿದ್ರ ಮ್ಯಾಟು ಪಿಚಕ್ ಅಂತು.

"ಎಲಿ ಪೆಂಡಿ ಇಲ್ಲೇ ಇಡ್ತಿದ್ರೇನು?"

"ಹೌದ್ರಿ. ಬಾಡಬಾರದಂತ ಒದ್ದಿ ಗೋಣಿ ಸುತ್ತಿ, ದಾರಿ ಮ್ಯಾಲ ಅಲ್ಲಲ್ಲೇ ನಿಲ್ಲಿಸಿ ನೀರು ಹೊಡೀತಿದ್ರು. ಹದಿನೈದು ವರ್ಷ ಹಂಗ. ಕಡೀ ಪೆಂಡಿ ಮಣ್ಣು ಮುಗದಮ್ಯಾಲ ತಗದ್ವಿ."

ಬೂಸ್ಟು ಎಲ್ಲಿಂದ ಬಂತು ಅನ್ನೂದು ಅಲ್ಲಿಗೆ ತೀರಿತು. ಕುಂತೋರು ಯಾರು ಅನ್ನೂದು ತೀರಿರಲಿಲ್ಲ.

ಮರುದಿನ ಸ್ಟೇರಿಂಗಿನ ಪ್ಲೇಟು ಹೊರಗ ತಗದೆ. ತುಂಬಿ ತುಳಕಾಕತ್ತಿತ್ತು. ಬಿಳಿ ಚುಕ್ಕಿ, ಕೆನಿ ಚುಕ್ಕಿ, ಶಿಗ್ಗಾಂವಿ ಬಾಡಿಗಿ ಕಾರಿನ ಪ್ಲೇಟಿನ ಬಾಜೂಕ ಇಟ್ರ ಅಣ್ಣ ತಮ್ಮ ಅನ್ನಬೇಕು. ಫಿನಾಯಿಲ್ ಹಚ್ಚಿ ಒರಿಸಿದ್ದ, ಕೀಲಿ ಹಾಕಿ ಇಟ್ಟಿದ್ದ ಸ್ಟೇರಿಂಗು ಅದು. ಮೊದಲನೇ ಸಲ ಖಾಲಿ ಬಂದದ್ದಕ್ಕ ನಾ ಸೊಸಿಗೆ ಬೈದಿದ್ದೆ, ಆಕಿ ಒರಿಸಿದ್ದಕ್ಕನ ಈಗ ಖಾತ್ರಿ ಆತು. ಇವೆಲ್ಲಾ ಆಮ್ಯಾಲ ಬಂದಾವು. ಸತ್ತೋರ ಕೈಯಿಂದ ಅಲ್ಲ. ಬೆಚ್ಚಗಿನ ಕೈ, ಬೆವರೋ ಕೈ, ದಿನಾ ಹಿಡಿಯೋ ಕೈ.

ಯಾರ ಕೈ ಅಂತ ಪ್ಲೇಟು ಹೇಳೂದಿಲ್ಲ. ಆದ್ರ ಆ ಬೂಸ್ಟಿನ ನಡುವಿನ ಆಕಾರ ಸಣ್ಣದಿತ್ತು. ಸಾಹೇಬ್ರು ಆರಡಿ ಆಳು, ಮಗ ದಪ್ಪ. ದವಾಖಾನ್ಯಾಗ ಆರಾಮ ಆಗಿ ಮನಿಗೆ ಬಂದು ಕೆಮ್ಮೋರು ಆ ಮನ್ಯಾಗ ಒಬ್ಬರ.

ಒಂದೆರಡು ದಿನ ಬಿಟ್ಟು ಬೂಸ್ಟಿನ ಪ್ಲೇಟು ಎದ್ದವು. ಹಸರ, ಬೂದಿ ಬಣ್ಣ, ಕರಿ. ನಮ್ಮ ಭಾಷಾದಾಗ ಆಸ್ಪರ್ಜಿಲಸ್, ಪೆನಿಸಿಲಿಯಂ. ಮುಚ್ಚಳ ಒಂದೀಟು ಸರಿಸಿದ್ರ ಅದ ವಾಸನಿ ಲ್ಯಾಬಿನ್ಯಾಗ ಬಂದು ನಿಂತಿತು. ನಾ ಒಮ್ಮೆನೂ ನೋಡದ ಮನಷಾ. ರಕ್ತ ಕೊಡಾಕ ಬಂದ ಒಬ್ಬಾಕಿ ಬಾಗಲದ ಕಡೆ ತಿರುಗಿ, "ಯಾರ ಬಂದ್ರಿ?" ಅಂದ್ಲು. ಯಾರೂ ಬಂದಿರಲಿಲ್ಲ. ಪಟ್ನ ಮುಚ್ಚಿದೆ.

ಮಗ ಫೋನ್ ಮ್ಯಾಲ ಫೋನ್ ಮಾಡಾಕತ್ತಿದ್ದ. ರಿಪೋರ್ಟು ಅವನಿಗೇ ಕೊಡೂದು ರೀತಿ, ಕೆಲಸ ಹೇಳಿದಾಂವ ಅವ. ಆದ್ರ ಕೊಟ್ರ ಕಾರು ಅವತ್ತ ಗುಜರಿಗೆ ಹೋಗತೈತಿ, ಅವರವ್ವನ ಗುಟ್ಟು ನಡುಮನ್ಯಾಗ ಬೀಳತೈತಿ. ಕೊಡದಿದ್ರ ಚಾಚಿ ದಿನಾ ಹೋಗಿ ಆ ಗಾಳಿ ಕುಡೀತಾರ. ನಾ ಡಾಕ್ಟರಲ್ಲ, ಆದ್ರ ಆ ಎದಿ ಸಪ್ಪಳ ಕಿವಿಯಾಗಿತ್ತು. ಭಾಳ ವಿಚಾರ ಮಾಡಿ ಫೋನ್ ಎತ್ತಲಿಲ್ಲ. ಬಸ್ ಹತ್ತಿದೆ.

ಚಾಚಿ ಒಬ್ಬರ ಇದ್ರು. ಕುಂತು ನೀರು ಕುಡದು ಸೀದಾ ಕೇಳಿದೆ.

"ಚಾಚಿ, ಕಾರಿಂದು ಇನ್ನೊಂದು ಕೀಲಿ ಎಲ್ಲೈತಿ?"

ನನ್ನ ಮುಖ ನೋಡಿದ್ರು. ತಸ್ಬಿ ಇಡೋ ಸಣ್ಣ ಚೀಲದಾಗ ಕೈ ಹಾಕಿ, ಮಣಿಸರದ ಜೋಡಿ ಕೀಲಿ ತಗದು ಚಾಪಿ ಮ್ಯಾಲ ಇಟ್ರು.

"ಗಂಡಸರು ಮಸೂತಿಗೆ ಹೋದಾಗ ಹೋಗಿ ಕುಂದರ್ತೇನಿ. ಅಂಗಳ ನಮ್ಮದ, ಕಾರು ನಮ್ಮದ. ಹೊಸಲು ದಾಟಿಲ್ಲಲ್ಲ ಬೇಟಿ, ಹೌದಿಲ್ಲ?"

"ನಾ ಅದನ್ನ ಕೇಳಾಕ ಬಂದಿಲ್ಲ ಚಾಚಿ."

"ಹದಿನೈದು ವರ್ಷ ಮುಂದಿನ ಸೀಟಿನ್ಯಾಗ ಕುಂಡ್ರಿಸಲಿಲ್ಲ ಪುಣ್ಯಾತ್ಮ. ಚೊಲೋ ಎಲಿ ಪೆಂಡಿ ಮುಂದ, ನಾ ಹಿಂದ ಒದ್ದಿ ಗೋಣಿ ಜೋಡಿ. ಹುಲಗೂರಿಗೆ ತವರಮನಿಗೆ ಹೋಗಬೇಕಾದ್ರೂ ಹಂಗ. 'ನನಗಿಂತ ಎಲಿ ಹೆಚ್ಚೇನು?' ಅಂದ್ರ, 'ನೀ ಬಾಡಂಗಿಲ್ಲ ಬಿಡ' ಅಂತಿದ್ರು." ನಕ್ಕರು, ನಗಿ ಕೆಮ್ಮಾತು. "ಈಗ ಅವರ ಜಾಗಾದಾಗ ಕುಂತು ಸ್ಟೇರಿಂಗ್ ಹಿಡೀತೇನಿ. ಅವರ ಹೆಸರಿಲೆ ದುವಾ ಓದತೇನಿ. ಮೊದ್ಲು ಬರೇ ಎಲಿ ವಾಸನಿ ಇತ್ತು, ಅದೂ ಹೋತು. ದಿನಾ ಓದಿದೆ. ಆಮ್ಯಾಲ ಅವರ ವಾಸನಿ ಬಂತು. ದಿನಾ ಒಂದೀಟು ಹೆಚ್ಚು."

ಬೂಸ್ಟು ಬೆಳ್ಯಾಕ ಎಷ್ಟು ದಿನ ಬೇಕೋ ಅಷ್ಟ ದಿನ. ನಾ ಮನಸ್ಸಿನ್ಯಾಗ ಲೆಕ್ಕಾ ಹಾಕಿದೆ, ಹಾಕಬಾರದಿತ್ತು.

ನನಗ ಮಾತು ಮೆತ್ತಗ ಮಾಡಾಕ ಬರಂಗಿಲ್ಲ. ಹೇಳಿದೆ. ಬೂಸ್ಟು ಹೆಂಗ ಬೀಜ ಉದರಸತೈತಿ, ಮುಚ್ಚಿದ ಕಾರಿನ್ಯಾಗ ಕುಂತಾಗ ಅದು ಹೆಂಗ ಎದಿಗೆ ಇಳೀತೈತಿ, ದವಾಖಾನ್ಯಾಗ ಯಾಕ ಆರಾಮ ಆತು. "ಅದು ಅವರ ವಾಸನಿ ಅಲ್ಲ ಚಾಚಿ. ಬೂಸ್ಟಿಂದು. ಎಲಿ ನೀರು ಕೆಳಗ ಇಳದು ಬೆಳದದ್ದು."

ಚಾಪಿ ಮ್ಯಾಲಿನ ಮಣಿಸರಾ ಕೈಯಾಗ ತೊಗೊಂಡ್ರು. ಆಮ್ಯಾಲ ಕೇಳಿದ್ರು, "ನೀರು ಹೊಡದೋರು ಯಾರು?"

"ಸಾಹೇಬ್ರು."

"ಎಲಿ ತಂದೋರು?"

"ಅವರ."

"ಹಂಗಾದ್ರ ಅವರದ ಅಲ್ಲೇನು ಬೇಟಿ?"

ಇದಕ್ಕ ಯಾವ ಅಗರ್ ಮ್ಯಾಲ ಗೀರಿ ಉತ್ತರಾ ತರ್ಲಿ?

ಕಡೀಕ ಕಾರು ಸ್ವಚ್ಛ ಮಾಡಸಾಕ ಅವರ ಒಪ್ಪಿದ್ರು. ಕಾರು ಗುಜರಿಗೆ ಹೋಗಬಾರದು, ಮಗನಿಗೆ ಸದ್ಯ ಹೇಳಬಾರದು, ಸ್ಟೇರಿಂಗು ಮಾತ್ರ ತಾವ ಒರಸಬೇಕು. ಇಷ್ಟ ಅವರ ಕರಾರು. ಕೀಲಿ ನನ್ನ ಕೈಯಾಗ ಕೊಟ್ರು.

ಮಗನಿಗೆ ಹೇಳಿದೆ: ಬೂಸ್ಟು, ತೇವ. ಕಾರಿಗೆ ಏನೂ ಆಗಿಲ್ಲ, ಸ್ವಚ್ಛ ಮಾಡಿದ್ರ ಸಾಕು. "ಮತ್ತ ಆ ಮಂಜು?" ಅಂದ. "ತೇವಾನ" ಅಂದೆ, ಅವರವ್ವನ ಉಸಿರು ಅನ್ನಲಿಲ್ಲ. ಖುಷಿ ಆಗ್ತಾನ ಅಂತ ತಿಳಕೊಂಡಿದ್ದೆ. "ಬರೇ ತೇವ ಏನ್ರಿ?" ಅಂದು ತನ್ನ ಅಂಗೈ ತಾನ ನೋಡಿಕೊಂಡ. ಗ್ಲಾಸಿನ ಮ್ಯಾಲಿನ ಆ ದೊಡ್ಡ ಅಂಗೈ ಆವಾಗ ನೆನಪಾತು. ದಿನಾ ನಮಾಜ್ ಮುಗಿಸಿ ಬಂದು, ಹೊರಗಿಂದ ಅಪ್ಪನ ಉಸಿರಿನ ಮ್ಯಾಲ ಕೈ ಇಡತಿದ್ದ. ಹೆದರಿ ಬಂದಾಂವ ಅಂತ ನಾ ಅಂದ್ಕೊಂಡಿದ್ದೆ. ಅಷ್ಟ ಅಲ್ಲ ಅದು.

ಬಿಸಲು ಬಿದ್ದ ದಿನ ಶಿಗ್ಗಾಂವಿಂದ ಸೀಟು ಹೊಲಿಯೋ ಮಿಸ್ತ್ರಿನ್ನ ಕರಸಿದ್ವಿ. ಮನಿ ಕಿಡಕಿ ಎಲ್ಲಾ ಮುಚ್ಚಿಸಿದೆ. ಒಣ ಬಟ್ಟಿಲೆ ಜಾಡಸಬ್ಯಾಡ್ರಿ ಅಂತ ಮಿಸ್ತ್ರಿಗೆ ಹೇಳಿ ಹೇಳಿ ಸಾಕಾತು. ಜಾಡಸಿದ್ರ ಬೂಸ್ಟು ಸಾಯೂದಿಲ್ಲ, ಹಾರತೈತಿ. ಸೀಟು ಬಿಚ್ಚಿದ್ವಿ, ಮ್ಯಾಟು ಎತ್ತಿದ್ವಿ. ಕೆಳಗ ದಪ್ಪನ ಫೆಲ್ಟು ನೀರು ಕುಡದು ಕರ್ರಗಾಗಿತ್ತು, ನಡುನಡುವ ಎಲಿಯ ಬರೇ ನರ ಉಳದಿದ್ವು, ಜಾಳಿಗಿ ಹಂಗ. ಫೆಲ್ಟು, ಮ್ಯಾಟು, ಎಸಿ ಫಿಲ್ಟರು ಚೀಲದಾಗ ಕಟ್ಟಿ ಒಗದ್ವಿ. ಸೋಪಿನ ನೀರು, ಆಮ್ಯಾಲ ಸ್ಪಿರಿಟ್ಟು, ಆಮ್ಯಾಲ ಬಿಸಲು. ಎಲ್ಲಾ ಒಣಗಿದ ಮ್ಯಾಲ ಚಾಚಿಗೆ ಮಾಸ್ಕ್ ಕಟ್ಟಿ ಕರಕೊಂಡು ಬಂದೆ. ಬಲಗಡಿಂದ ಸುರು ಮಾಡಿ, ಆಮ್ಯಾಲ ಎಡಗಡೆ, ಅವರಲ್ಲಿ ತೀರಿದೋರ ಮೈ ತೊಳಿಯೋ ಹಂಗ, ಸಾವಕಾಶ ಸ್ಟೇರಿಂಗ್ ತೊಳದ್ರು. ಮಿಸ್ತ್ರಿ ಟೊಪ್ಪಿಗಿ ಸರಿ ಮಾಡ್ಕೊಂಡು ದೂರ ಹೋಗಿ ನಿಂತ.

ಹೊರಡೋವಾಗ ಅವರ ಕಿವ್ಯಾಗ ಒಂದು ಮಾತು ಹಾಕಿದೆ. "ಚಾಚಿ, ನೀವು ಒಳಗ ಕುಂತು ಹೋದಮ್ಯಾಲ ನಿಮ್ಮ ಮಗ ದಿನಾ ಹೊರಗಿಂದ ಆ ಗ್ಲಾಸಿಗೆ ಕೈ ಹಚ್ಚತಿದ್ದ. ಈಗ ಗ್ಲಾಸು ಸ್ವಚ್ಛ ಇರತೈತಿ. ನೀವ ನೋಡ್ರಿ." ಅಷ್ಟ ಹೇಳಿ ಬಂದೆ.

ಇದ್ದತ್ ಮುಗದಮ್ಯಾಲ ಆ ಕಾರು ನನ್ನ ಲ್ಯಾಬಿನ ಮುಂದ ಬಂದು ನಿಂತಿತು. ಗ್ಲಾಸು ನಾಕೂ ಇಳಿಸಿದ್ರು. ಮಗ ಸ್ಟೇರಿಂಗಿನ್ಯಾಗ, ಚಾಚಿ ಮುಂದಿನ ಸೀಟಿನ್ಯಾಗ. ರಕ್ತ ಕೊಡಾಕ ಬಂದಿದ್ರು. ಕೆಮ್ಮು ಪೂರ್ತಿ ಹೋಗಿಲ್ಲ, ಎದಿ ಒಂದಿಷ್ಟು ಹೋದದ್ದು ಹೋಗೇತಿ ಅಂತ ಡಾಕ್ಟರು ಹೇಳ್ಯಾರ, ಆದ್ರ ಮುಂದಕ್ಕ ಕೆಡೂದು ನಿಂತೈತಿ. ಮಗನಿಗೆ ಎಲ್ಲಾ ತಾವ ಹೇಳಿದ್ರಂತ. "ಏನಂದ?" ಅಂದ್ರ, "ಅಳಲಿಲ್ಲ. ಅವತ್ತಿಂದ ದಿನಾ ಮುಂಜಾನಿ ಮುಂದ ಕುಂಡ್ರಿಸಿಕೊಂಡು ಒಂದು ಸುತ್ತು ಹೊಡಸತಾನ" ಅಂದ್ರು. "ಬರಿ ಬೇಕಾದ್ರ, ಹೆಸರು ಹಾಕಬ್ಯಾಡ" ಅಂತನೂ ಅಂದ್ರು. ಅದಕ್ಕ ಬರದೇನಿ.

ಮಗ ಕಾರು ನೆರಳಿಗೆ ನಿಲ್ಲಸಾಕ ಹೋದ. ಚಾಚಿ ಲ್ಯಾಬಿನ ಕಪಾಟು ಎಲ್ಲಾ ನೋಡಿ, ನನ್ನ ಹತ್ತರ ಬಗ್ಗಿ ಕೇಳಿದ್ರು.

"ಆ ಬೂಸ್ಟು ಇಲ್ಲಿ ಬೆಳಸಿದ್ದಿಯಲ್ಲ ಬೇಟಿ. ಐತೇನು?"

"ಇಲ್ಲ ಚಾಚಿ. ಹಂಗ ಇಡಾಕ ಬರಂಗಿಲ್ಲ. ದೊಡ್ಡ ಕುಕ್ಕರ್ ಇರತೈತಿ ನಮ್ಮಲ್ಲಿ, ಅದರಾಗ ಹಾಕಿ ಬೇಯಿಸಿ ಕೊಂದು ಒಗೀತೇವಿ."

"ಯಾವಾಗ?"

"ಹೋದ ವಾರ."

ಚಾಚಿ ಸೆರಗು ತಲಿ ಮ್ಯಾಲ ಎಳಕೊಂಡ್ರು. ಕಣ್ಣು ಮುಚ್ಚಿ, ತುಟಿ ಅಷ್ಟ ಅಲುಗಿಸಿ, ಇನ್ನಾ ಲಿಲ್ಲಾಹಿ ಅಂತ ಸುರು ಆಗೋ ಮಾತು ಅಂದ್ರು. ಯಾರರ ತೀರಿದ ಸುದ್ದಿ ಕೇಳಿದಾಗ ಅವರು ಅನ್ನೋ ಮಾತು ಅದು.

ಆಮ್ಯಾಲ ರಕ್ತ ಕೊಡಾಕ ಕೈ ಮುಂದ ಮಾಡಿದ್ರು.